ಪರದೇಶದ ಯುದ್ಧಕ್ಕೆ ಸೇನೆ ಕಳಿಸಬೇಕೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬಲಾಢ್ಯ ರಾಷ್ಟ್ರಗಳು ಬೇರೆ ದೇಶಗಳ ಜಗಳಕ್ಕೆ ಸೈನ್ಯ ಇಳಿಸುವುದರ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ. ರಕ್ಷಣಾ ವಿಷಯ ಮತ್ತು ಅಂತರರಾಷ್ಟ್ರೀಯ ಕಾನೂನು ಬಲ್ಲ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ರುವಾಂಡದಲ್ಲಿ ದೊಡ್ಡ ದೇಶಗಳು ಕೈಕಟ್ಟಿ ಕೂತವು, ಇರಾಕಿನಲ್ಲಿ ಯಾರೂ ಕರೆಯದೆ ನುಗ್ಗಿದವು. ಎರಡೂ ತಪ್ಪು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಹಾಗಾದರೆ ಹೋಗಬೇಕೋ ಬೇಡವೋ? ಒಂದೇ ಮಾತಿನಲ್ಲಿ ಹೇಳಿ ಸರ್.
— ಎಂ.ಎ. ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಒಂದೇ ಮಾತು ಬೇಕೆಂದರೆ, ಬೇಡ. ಆದರೆ ಈ ‘ಬೇಡ’ಕ್ಕೆ ಅಪವಾದವಿದೆ, ಮತ್ತು ರುವಾಂಡ ಅದೇ ಅಪವಾದ. ನಿಮ್ಮ ಮೇಷ್ಟ್ರು ಹೇಳಿದ್ದು ಸರಿಯಾಗಿದೆ.

1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಆಫ್ರಿಕಾದ ಆ ದೇಶದಲ್ಲಿ 8 ಲಕ್ಷದಷ್ಟು ಜನರನ್ನು, ಬಹುಪಾಲು ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರನ್ನು, ಕೊಂದರು. ಕೊಂದವರಲ್ಲಿ ಹೆಚ್ಚಿನವರ ಬಳಿ ದೊಡ್ಡ ಶಸ್ತ್ರಾಸ್ತ್ರಗಳೇನೂ ಇರಲಿಲ್ಲ. ಮಚ್ಚು, ದೊಣ್ಣೆ, ರಸ್ತೆಗೆ ಅಡ್ಡ ಹಾಕಿದ ಮರದ ದಿಮ್ಮಿ, ಯಾರನ್ನು ಎಲ್ಲಿ ಹಿಡಿಯಬೇಕೆಂದು ಹೇಳಿಕೊಡುವ ಒಂದು ರೇಡಿಯೊ ಕೇಂದ್ರ, ಇವೇ ಹೆಚ್ಚು. ವಿಶ್ವಸಂಸ್ಥೆಯ ಸುಮಾರು 2,500 ಶಾಂತಿಪಾಲಕರು ಆಗಲೇ ಅಲ್ಲಿದ್ದರು. ಕೊಲ್ಲಲು ಸಜ್ಜಾಗುತ್ತಿದ್ದವರು ಶಸ್ತ್ರಾಸ್ತ್ರ ಅಡಗಿಸಿಟ್ಟಿದ್ದಾರೆಂದು ಶಾಂತಿಪಾಲಕರ ಮುಖ್ಯಸ್ಥ, ಕೆನಡಾದ ಜನರಲ್ ರೋಮಿಯೊ ದಲೇರ್, ಜನವರಿಯಲ್ಲೇ ತಂತಿ ಕಳಿಸಿದ್ದರು. ದಾಳಿ ಮಾಡಿ ವಶಪಡಿಸಿಕೊಳ್ಳಲು ಅನುಮತಿ ಸಿಗಲಿಲ್ಲ. ಹತ್ತು ಬೆಲ್ಜಿಯನ್ ಸೈನಿಕರು ಹತರಾದ ಕೂಡಲೇ ಬೆಲ್ಜಿಯಂ ತನ್ನ ಪಡೆಯನ್ನು ವಾಪಸ್ ಕರೆಸಿಕೊಂಡಿತು. ದಲೇರ್ 5,000 ಜನ ಬೇಕೆಂದು ಕೇಳುತ್ತಿದ್ದಾಗ ಭದ್ರತಾ ಮಂಡಳಿ ಏಪ್ರಿಲ್ 21ರಂದು ಇದ್ದ ಪಡೆಯನ್ನೇ 270ಕ್ಕೆ ಇಳಿಸುವ ನಿರ್ಣಯ ಮಾಡಿತು. ವಿಮಾನ ನಿಲ್ದಾಣ ಹಿಡಿದುಕೊಂಡು, ರಾಜಧಾನಿಯ ಅಡ್ಡಗಟ್ಟೆ ಒಡೆದು, ಆ ರೇಡಿಯೊದ ಬಾಯಿ ಮುಚ್ಚಿಸುವುದು ದೊಡ್ಡ ದೇಶವೊಂದರ ಕೈಲಾಗದ ಕೆಲಸವಾಗಿರಲಿಲ್ಲ. ಅಂಥ ಕಡೆ ಹೋಗದಿರುವುದನ್ನು ತಟಸ್ಥತೆ ಎಂದು ಕರೆಯಲು ನಾವು ಒಪ್ಪುವುದಿಲ್ಲ.

ಹೋಗುವ ಮೊದಲು ಮೂರು ವಿಷಯ ನೋಡಬೇಕು. ಮಾಡಬೇಕಾದ ಕೆಲಸ ಒಂದು ವಾಕ್ಯದಲ್ಲಿ ಹೇಳುವಂಥದ್ದೆ? ಅದು ಮುಗಿದದ್ದು ಕಣ್ಣಿಗೆ ಕಾಣುತ್ತದೆಯೆ? ಮಾರನೆಯ ಬೆಳಿಗ್ಗೆ ಅಧಿಕಾರ ವಹಿಸಿಕೊಳ್ಳಲು ಆ ನೆಲದ ಜನರೇ ಒಪ್ಪಿದವರು ಯಾರಾದರೂ ಇದ್ದಾರೆಯೆ? ಮೂರರಲ್ಲಿ ಕೊನೆಯದೇ ಮುಖ್ಯ, ಎಲ್ಲರೂ ಮರೆಯುವುದೂ ಅದನ್ನೇ.

1971ರಲ್ಲಿ ಭಾರತಕ್ಕೆ ಮೂರಕ್ಕೂ ಉತ್ತರ ಇತ್ತು. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಅವರು ತಿರುಗಿ ಊರು ಸೇರುವಂತಾಗಬೇಕು ಎಂಬುದೇ ಗುರಿ. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) 162 ಸ್ಥಾನಗಳಲ್ಲಿ 160 ಗೆದ್ದ ಅವಾಮಿ ಲೀಗ್ ಇತ್ತು, ಅದರ ಸರ್ಕಾರ ಏಪ್ರಿಲ್‌ನಲ್ಲೇ ಪ್ರಮಾಣವಚನ ತೆಗೆದುಕೊಂಡಿತ್ತು, ಅಲ್ಲಿನವರದೇ ಪಡೆ ಮುಕ್ತಿವಾಹಿನಿ ಹೋರಾಡುತ್ತಿತ್ತು. ನಮ್ಮ ಸೇನಾ ಮುಖ್ಯಸ್ಥ ಜನರಲ್ ಮಾಣೆಕ್ ಶಾ ಮಳೆಗಾಲ ಕಳೆಯಲಿ ಎಂದು ಹಟ ಹಿಡಿದದ್ದಕ್ಕೂ ಕಾರಣವಿತ್ತು. ಮಳೆಗಾಲದಲ್ಲಿ ಬಂಗಾಳದ ನದಿಗಳು ಉಕ್ಕಿ ಟ್ಯಾಂಕು ಲಾರಿಗಳು ಹೂತುಹೋಗುತ್ತವೆ. ಚಳಿಗಾಲವಾದರೆ ಹಿಮಾಲಯದ ಕಣಿವೆ ದಾರಿಗಳು ಮುಚ್ಚಿ ಚೀನಾದ ಚಿಂತೆ ಕಡಿಮೆ. ಡಿಸೆಂಬರ್ 3ಕ್ಕೆ ಪಾಕಿಸ್ತಾನವೇ ನಮ್ಮ ವಾಯುನೆಲೆಗಳ ಮೇಲೆ ಬಾಂಬ್ ಹಾಕಿತು, 16ಕ್ಕೆ ಢಾಕಾದಲ್ಲಿ ಶರಣಾಯಿತು. ಮುಂದಿನ ಮಾರ್ಚ್ ಮಧ್ಯದೊಳಗೆ ನಮ್ಮ ಸೈನ್ಯ ಅಲ್ಲಿಂದ ಹೊರಟಾಗಿತ್ತು. ಆ ಹೊರಟು ಬಂದ ದಿನಾಂಕವನ್ನು ಶರಣಾಗತಿಯ ಫೋಟೊದಷ್ಟೇ ನೆನಪಿನಲ್ಲಿಟ್ಟುಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ನಮ್ಮ ವಿನಂತಿ.

ಪ್ರಶ್ನೆ: ಅಮೆರಿಕದಷ್ಟು ಹಣ, ಯಂತ್ರ, ಸೈನ್ಯ ಇದ್ದೂ ಇರಾಕ್ ಏಕೆ ಕೈತಪ್ಪಿತು? ಬಾಗ್ದಾದ್ ಮೂರೇ ವಾರದಲ್ಲಿ ಬಿದ್ದಿತ್ತಲ್ಲ?
— ಬ್ಯಾಂಕ್ ಉದ್ಯೋಗಿ, ವಿಜಯನಗರ

ಉತ್ತರ: ಊರು ಹಿಡಿಯುವುದಕ್ಕೆ ಬೇಕಾದ ಸೈನ್ಯದ ಲೆಕ್ಕವೇ ಬೇರೆ, ಊರು ಕಾಯುವುದಕ್ಕೆ ಬೇಕಾದದ್ದೇ ಬೇರೆ. ಅಶಾಂತಿಯಿರುವ ನಾಡಿನಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಸುಮಾರು 20 ಸೈನಿಕರು ಅಥವಾ ಪೊಲೀಸರು ಬೇಕು ಎಂಬುದು ಈ ಕ್ಷೇತ್ರದವರು ಬಳಸುವ ಅಂದಾಜು. ಇರಾಕಿನ ಆಗಿನ ಜನಸಂಖ್ಯೆ ಸುಮಾರು 2.5 ಕೋಟಿ. ಅಂದರೆ 5 ಲಕ್ಷ ಜನ ಬೇಕು. ಇದ್ದದ್ದು ಒಂದೂವರೆ ಲಕ್ಷದ ಆಸುಪಾಸು. ಹಲವು ಲಕ್ಷ ಸೈನಿಕರು ಬೇಕಾಗುತ್ತಾರೆಂದು ಅಮೆರಿಕದ ಭೂಸೇನಾ ಮುಖ್ಯಸ್ಥ ಜನರಲ್ ಶಿನ್‌ಸೆಕಿ ಯುದ್ಧಕ್ಕೆ ಮೊದಲೇ, 2003ರ ಫೆಬ್ರುವರಿಯಲ್ಲಿ, ಸಂಸತ್ ಸಮಿತಿಯೆದುರು ಹೇಳಿದ್ದರು. ಮೇಲಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1999ರ ಯುದ್ಧದ ನಂತರದ ಕೊಸೊವೊ ಜತೆ ಹೋಲಿಸಿ: 20 ಲಕ್ಷ ಜನಕ್ಕೆ ಸುಮಾರು 50,000 ಸೈನಿಕರು, ಸಾವಿರಕ್ಕೆ 25. ಅಲ್ಲಿ ಮತ್ತೆ ದೊಡ್ಡ ಯುದ್ಧ ಹೊತ್ತಿಕೊಳ್ಳಲಿಲ್ಲ.

ಇದರ ಮೇಲೆ ಇನ್ನೊಂದು ತಪ್ಪು. 2003ರ ಮೇ ತಿಂಗಳಲ್ಲಿ ಅಮೆರಿಕದವರು ಒಂದು ಆದೇಶ ಹೊರಡಿಸಿ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಬಂದೂಕು ಹಿಡಿಯಲು ಕಲಿತ ಲಕ್ಷಾಂತರ ಗಂಡಸರು ಸಂಬಳವಿಲ್ಲದೆ ಮನೆ ಸೇರಿದರು. ಅದೇ ಹೊತ್ತಿಗೆ ಮದ್ದುಗುಂಡಿನ ಉಗ್ರಾಣಗಳಿಗೆ ಕಾವಲು ಹಾಕಲು ಜನ ಸಾಲದೆ ಅವು ಲೂಟಿಯಾದವು. ಹಳೆಯ ಫಿರಂಗಿ ಶೆಲ್ ಒಂದಕ್ಕೆ ಡಿಟೋನೇಟರ್ ಸಿಕ್ಕಿಸಿ, ತಂತಿ ಎಳೆದು ಮೊಬೈಲ್ ಫೋನಿಗೋ ಗ್ಯಾರೇಜ್ ಬಾಗಿಲಿನ ರಿಮೋಟಿಗೋ ಜೋಡಿಸಿದರೆ ರಸ್ತೆಬದಿ ಬಾಂಬ್ ಸಿದ್ಧ. ಬೇಕಾದ ಶೆಲ್ಲೂ ಅದನ್ನು ಬಳಸಬಲ್ಲ ಕೈಯೂ ಒಟ್ಟಿಗೇ ಬೀದಿಗೆ ಬಂದಿದ್ದವು. ಮುಂದಿನ ವರ್ಷಗಳಲ್ಲಿ ಅಮೆರಿಕದ ಸೈನಿಕರನ್ನು ಅತಿ ಹೆಚ್ಚು ಬಲಿ ತೆಗೆದುಕೊಂಡದ್ದು ಈ ಬಾಂಬುಗಳೇ. ಇರಾಕಿಗಳು ತೆತ್ತ ಬೆಲೆ ಅದರ ಎಷ್ಟೋ ಪಟ್ಟು. ಯುದ್ಧಕ್ಕೆ ಕಾರಣ ಎಂದಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳಂತೂ ಸಿಗಲೇ ಇಲ್ಲ.

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ನಮ್ಮವರು ಒಂದೇ ರಾತ್ರಿಯಲ್ಲಿ ಗೆದ್ದರು. ಪಕ್ಕದ ಶ್ರೀಲಂಕಾದಲ್ಲಿ ಎರಡೂವರೆ ವರ್ಷ ಒದ್ದಾಡಿ ಬಂದರು. ಅದೇ ಸೇನೆ, ಅದೇ ಕಾಲ. ವ್ಯತ್ಯಾಸ ಎಲ್ಲಿ?
— ನಿವೃತ್ತ ಕಾರ್ಖಾನೆ ನೌಕರರು, ಜಾಲಹಳ್ಳಿ

ಉತ್ತರ: ಹಿರಿಯರೇ, ಈ ವಿಷಯದ ತಿರುಳೇ ನಿಮ್ಮ ಪ್ರಶ್ನೆಯಲ್ಲಿದೆ.

ಮಾಲ್ಡೀವ್ಸ್‌ನಲ್ಲಿ 1988ರ ನವೆಂಬರ್ 3ರ ಬೆಳಗಿನ ಜಾವ ಕೂಲಿ ಬಂಡುಕೋರರು ರಾಜಧಾನಿ ಮಾಲೆಗೆ ನುಗ್ಗಿದರು. ಅಧ್ಯಕ್ಷ ಗಯೂಮ್ ಅಡಗಿಕೊಂಡೇ ಸಹಾಯ ಕೇಳಿದರು. ಆಗ್ರಾದಿಂದ ಪ್ಯಾರಾಚೂಟ್ ಬ್ರಿಗೇಡಿನವರು ಐಎಲ್-76 ವಿಮಾನಗಳಲ್ಲಿ 2,000 ಕಿಲೋಮೀಟರಿಗೂ ಹೆಚ್ಚು ದೂರ ಎಲ್ಲೂ ಇಳಿಯದೆ ಹಾರಿ, ಅದೇ ರಾತ್ರಿ ಹುಲುಲೆ ದ್ವೀಪದ ರನ್‌ವೇ ಮೇಲೆ ಇಳಿದರು. ಬಂಡುಕೋರರು ಮಾಡಿದ ದೊಡ್ಡ ತಪ್ಪೆಂದರೆ ಆ ವಿಮಾನ ನಿಲ್ದಾಣವನ್ನು ಹಿಡಿಯದೆ ಬಿಟ್ಟದ್ದು. ಒತ್ತೆಯಾಳುಗಳೊಂದಿಗೆ ಹಡಗಿನಲ್ಲಿ ಪರಾರಿಯಾದವರನ್ನು ನೌಕಾಪಡೆಯ ಗೋದಾವರಿ ಮತ್ತು ಬೇತ್ವಾ ಬೆನ್ನಟ್ಟಿ ಹಿಡಿದವು. ಕರೆದದ್ದು ಅಧಿಕಾರದಲ್ಲಿದ್ದ ಸರ್ಕಾರ, ಎದುರಾಳಿಗಳಲ್ಲಿ ಹೆಚ್ಚಿನವರು ಹೊರಗಿನವರು, ಊರಿನ ಜನ ನಮ್ಮ ಕಡೆ, ಬೆಳಗಾಗುವಷ್ಟರಲ್ಲಿ ಅಧಿಕಾರ ಅದರ ಒಡೆಯನ ಕೈಯಲ್ಲೇ ಇತ್ತು.

ಶ್ರೀಲಂಕಾದಲ್ಲೂ ಸರ್ಕಾರವೇ ಕರೆದಿತ್ತು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಅಲ್ಲಿನ ಅಧ್ಯಕ್ಷ ಜಯವರ್ಧನೆ ಕೊಲಂಬೊದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಬಂದೂಕು ಕೆಳಗಿಡಬೇಕಾದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಆ ಒಪ್ಪಂದಕ್ಕೆ ಸಹಿಯನ್ನೇ ಹಾಕಿರಲಿಲ್ಲ! ಕದನ ನಿಂತ 72 ಗಂಟೆಯೊಳಗೆ ಶಸ್ತ್ರ ಒಪ್ಪಿಸಬೇಕೆಂದು ಕಾಗದದಲ್ಲಿ ಬರೆದದ್ದು ಅವರ ಪರವಾಗಿ ಬೇರೆಯವರು. ಒಪ್ಪಿಸಿದ್ದು ನಾಮಕಾವಾಸ್ತೆ. 1983ರಿಂದ ತಮಿಳು ಬಂಡುಕೋರ ಗುಂಪುಗಳಿಗೆ ನಮ್ಮ ನೆಲದಲ್ಲೇ ತರಬೇತಿ ಕೊಟ್ಟಿದ್ದೆವು ಎಂಬುದನ್ನೂ ಸೇರಿಸಿಕೊಳ್ಳಿ. ಒಂದು ಪಕ್ಷಕ್ಕೆ ಬಂದೂಕು ಕೊಟ್ಟವನೇ ನಡುವೆ ನಿಂತು ಪಂಚಾಯ್ತಿ ಮಾಡಿದರೆ ಎರಡೂ ಕಡೆಯವರು ನಂಬುವುದಿಲ್ಲ.

ಶಾಂತಿ ಕಾಯಲು ಹೋದ ಪಡೆಗೆ ಅಕ್ಟೋಬರಿನಲ್ಲಿ ಯುದ್ಧ ಮಾಡಲು ಆದೇಶ ಬಂತು. ಎಲ್‌ಟಿಟಿಇ ನಾಯಕರನ್ನು ಹಿಡಿಯಲೆಂದು ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ರಾತ್ರಿ ಹೆಲಿಕಾಪ್ಟರಿನಲ್ಲಿ ಕಮಾಂಡೊಗಳನ್ನೂ ಸಿಖ್ ಲೈಟ್ ಇನ್‌ಫೆಂಟ್ರಿಯ ಒಂದು ತುಕಡಿಯನ್ನೂ ಇಳಿಸಿದರು. ನಮ್ಮ ರೇಡಿಯೊ ಮಾತು ಎದುರಾಳಿಗೆ ಮೊದಲೇ ಕೇಳಿಸಿತ್ತು, ಅವರು ಕಾದು ಕೂತಿದ್ದರು. ಹೆಲಿಕಾಪ್ಟರುಗಳಿಗೆ ಗುಂಡು ಬಿದ್ದು ಮುಂದಿನ ಸರದಿ ಇಳಿಸಲಾಗಲಿಲ್ಲ. ಆ ತುಕಡಿಯ 30 ಜನರಲ್ಲಿ ಬದುಕಿ ಸೆರೆಸಿಕ್ಕವರು ಒಬ್ಬರೇ. ಜಾಫ್ನಾ ಪಟ್ಟಣವನ್ನು ಅದೇ ತಿಂಗಳಲ್ಲಿ ಗೆದ್ದರೂ ಹೋರಾಟ ಕಾಡಿಗೆ ಹೋಯಿತು. ಕೊನೆಗೆ ಹೊಸ ಅಧ್ಯಕ್ಷ ಪ್ರೇಮದಾಸರೇ ‘ನೀವು ಹೊರಡಿ’ ಎಂದರು. ನಮ್ಮ ಸೈನ್ಯ ಇನ್ನೂ ಅಲ್ಲಿರುವಾಗಲೇ ಅವರ ಸರ್ಕಾರದಿಂದ ಎಲ್‌ಟಿಟಿಇಗೆ ಶಸ್ತ್ರಾಸ್ತ್ರ ಹೋಯಿತು. 1990ರ ಮಾರ್ಚ್ 24ರಂದು ಕೊನೆಯ ತಂಡ ಟ್ರಿಂಕೋಮಲಿಯಿಂದ ಹಡಗು ಹತ್ತಿತು. ಸುಮಾರು 1,200 ಸೈನಿಕರನ್ನು ಕಳೆದುಕೊಂಡಿದ್ದೆವು. ಮರುವರ್ಷ ಎಲ್‌ಟಿಟಿಇ ಕೈಯಲ್ಲಿ ರಾಜೀವ್ ಗಾಂಧಿ ಹತ್ಯೆಯಾಯಿತು, ಸಂಚಿನ ಮುಖ್ಯ ಆರೋಪಿ ಶಿವರಾಸನ್ ನಮ್ಮ ಕೋಣನಕುಂಟೆಯ ಮನೆಯೊಂದರಲ್ಲೇ ಪೊಲೀಸರು ಸುತ್ತುವರಿದಾಗ ಸತ್ತ. ಆ ಯುದ್ಧ ಬೆಂಗಳೂರಿನ ಹೊರವಲಯದವರೆಗೆ ನಡೆದು ಬಂದಿತ್ತು.

ಸೈನಿಕರ ಧೈರ್ಯದಲ್ಲಿ ಒಂದು ಗುಲಗಂಜಿ ಕೊರತೆ ಇರಲಿಲ್ಲ. ಯಾರ ವಿರುದ್ಧ, ಯಾವುದಕ್ಕಾಗಿ, ಎಲ್ಲಿಯವರೆಗೆ ಎಂದು ಅವರಿಗೆ ಹೇಳಬೇಕಾದವರು ಹೇಳಲಿಲ್ಲ. ಆ ಪಡೆಯವರಿಗೆ ಮರಳಿ ಬಂದಾಗ ಸಿಗಬೇಕಾದ ಗೌರವ ಎಷ್ಟೋ ವರ್ಷ ಸಿಗಲಿಲ್ಲ ಎಂಬುದು ಇಂದಿಗೂ ನೋಯುವ ಸಂಗತಿ.

ಪ್ರಶ್ನೆ: ಸೈನಿಕರನ್ನು ಇಳಿಸದೆ ಆ ದೇಶದ ಆಕಾಶದಲ್ಲಿ ‘ಹಾರಾಟ ನಿಷೇಧ ವಲಯ’ ಮಾಡಿದರೆ ಸಾಲದೆ? ಕಡಿಮೆ ರಕ್ತಪಾತ ಅಲ್ಲವೆ?
— ಸಾಫ್ಟ್‌ವೇರ್ ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ಅದು ಘೋಷಣೆಯಲ್ಲ, ಯುದ್ಧವೇ. ನಿಮ್ಮ ವಿಮಾನ ಅಲ್ಲಿ ಹಾರಬೇಕಾದರೆ ಮೊದಲು ಆ ದೇಶದ ರೇಡಾರು, ಕ್ಷಿಪಣಿ ನೆಲೆಗಳನ್ನು ಒಡೆಯಬೇಕು. 2011ರ ಮಾರ್ಚ್ 19ರಂದು ಲಿಬಿಯಾದಲ್ಲಿ ಮೊದಲ ದಿನವೇ 110ಕ್ಕೂ ಹೆಚ್ಚು ಟೊಮಾಹಾಕ್ ಕ್ಷಿಪಣಿ ಹಾರಿಸಿದ್ದು ಇದಕ್ಕೇ. ಆಮೇಲೆ ಹಗಲುರಾತ್ರಿ ಕಾವಲು. ಒಂದು ಫೈಟರ್ ಮೇಲಿದ್ದರೆ ಇನ್ನೊಂದು ಬರುತ್ತಿರಬೇಕು, ಮತ್ತೊಂದು ಮರಳುತ್ತಿರಬೇಕು, ಒಂದು ದುರಸ್ತಿಯಲ್ಲಿರುತ್ತದೆ. ಜತೆಗೆ ಇಂಧನ ತುಂಬುವ ಟ್ಯಾಂಕರ್ ವಿಮಾನ, ಹಾರುವ ರೇಡಾರು, ಬಿದ್ದ ಪೈಲಟ್‌ನನ್ನು ಎತ್ತಿ ತರುವ ತಂಡ. ಇರಾಕಿನ ಮೇಲೆ ಇದನ್ನು 1991ರಿಂದ 2003ರವರೆಗೆ ನಡೆಸಿದರು.

ಇಷ್ಟಾದರೂ ನೆಲದ ಮೇಲಿನ ಮಚ್ಚು ನಿಲ್ಲುವುದಿಲ್ಲ. 1999ರಲ್ಲಿ ಅಮೆರಿಕ ಮತ್ತು ಮಿತ್ರ ದೇಶಗಳ ಸೇನಾಕೂಟ ನ್ಯಾಟೊ 78 ದಿನ ಸರ್ಬಿಯಾ ಮೇಲೆ ಬಾಂಬ್ ಹಾಕುತ್ತಿದ್ದಾಗಲೇ ಕೊಸೊವೊದಿಂದ 8 ಲಕ್ಷಕ್ಕೂ ಹೆಚ್ಚು ಅಲ್ಬೇನಿಯನ್ನರನ್ನು ಓಡಿಸಲಾಯಿತು. ಲಿಬಿಯಾದಲ್ಲಿ ನಾಗರಿಕರ ರಕ್ಷಣೆಗೆಂದು ಪಡೆದ ಅನುಮತಿ ಅಲ್ಲಿನ ಸರ್ವಾಧಿಕಾರಿ ಗದ್ದಾಫಿಯ ಪದಚ್ಯುತಿಗೆ ಬಳಕೆಯಾಯಿತು. ಬಳಿಕ ಅಧಿಕಾರ ಹಿಡಿಯಲು ಒಪ್ಪಿತ ಕೈ ಇಲ್ಲದೆ 2014ರ ಹೊತ್ತಿಗೆ ಎರಡು ಸರ್ಕಾರಗಳಾದವು, ಅಲ್ಲಿನ ಬಂದೂಕುಗಳು ಪಶ್ಚಿಮ ಆಫ್ರಿಕಾದ ಮಾಲಿ ದೇಶದವರೆಗೆ ಹರಿದವು. ಭದ್ರತಾ ಮಂಡಳಿಯಲ್ಲಿ ಆ ನಿರ್ಣಯಕ್ಕೆ ಮತ ಹಾಕದೆ ಉಳಿದ ಐದು ದೇಶಗಳಲ್ಲಿ ಭಾರತವೂ ಒಂದು. ಆ ಎಚ್ಚರ ಸರಿಯಾಗಿತ್ತು.

ಪ್ರಶ್ನೆ: ಇದಕ್ಕೆ ಕಾನೂನು ಅಂತ ಇದೆಯೆ, ಬಲ ಇದ್ದವನದೇ ನ್ಯಾಯವೆ? ನಮ್ಮ ದೇಶದಲ್ಲಿ ಯಾರು ತೀರ್ಮಾನಿಸುತ್ತಾರೆ?
— ವಕೀಲರು, ಗಾಂಧಿನಗರ

ಉತ್ತರ: ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿಯ 4ನೇ ಉಪವಿಧಿ ಬಲಪ್ರಯೋಗವನ್ನು ನಿಷೇಧಿಸುತ್ತದೆ. ದಾರಿ ಎರಡೇ: 51ನೇ ವಿಧಿಯ ಆತ್ಮರಕ್ಷಣೆ, ಇಲ್ಲವೆ 42ನೇ ವಿಧಿಯಡಿ ಭದ್ರತಾ ಮಂಡಳಿಯ ಅನುಮತಿ. ಆಯಾ ಸರ್ಕಾರವೇ ಕರೆದರೆ ಅದು ಬೇರೆ. ಮಂಡಳಿಯ 15ರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವಿರೋಧಿಸಬಾರದು. ದಾಳಿ ಮಾಡಿದವನೇ ಕಾಯಂ ಸದಸ್ಯನಾದರೆ ಏನಾಗುತ್ತದೆಂದು 2022ರ ಫೆಬ್ರುವರಿ 25ರಂದು ಉಕ್ರೇನ್ ವಿಷಯದಲ್ಲಿ ರಷ್ಯಾ ವಿಟೊ ಹಾಕಿದಾಗ ಕಂಡೆವು. ರಷ್ಯಾವೂ ತನ್ನ ದಾಳಿಗೆ 51ನೇ ವಿಧಿಯನ್ನೇ ಮುಂದಿಟ್ಟಿತ್ತು.

ಅಮೆರಿಕದಲ್ಲಿ 1973ರ ಕಾನೂನಿನಂತೆ ಅಧ್ಯಕ್ಷರು 48 ಗಂಟೆಯಲ್ಲಿ ಸಂಸತ್ತಿಗೆ ತಿಳಿಸಬೇಕು, ಅದರ ಒಪ್ಪಿಗೆ ಇಲ್ಲದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಪಾಲನೆ ಅಷ್ಟಕ್ಕಷ್ಟೆ. ನಮ್ಮಲ್ಲಿ ತೀರ್ಮಾನ ಸಂಪುಟದ್ದು, ಸಂಸತ್ತಿನ ಮತ ಕಡ್ಡಾಯವಲ್ಲ. ಆದರೂ 2003ರಲ್ಲಿ ಇರಾಕಿಗೆ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳಿದಾಗ, ಸಂಸತ್ತು ಯುದ್ಧ ಖಂಡಿಸಿ ನಿರ್ಣಯ ಮಾಡಿದ್ದರ ಬೆನ್ನಿಗೆ ವಾಜಪೇಯಿ ಸರ್ಕಾರ ಜುಲೈನಲ್ಲಿ ಆಗದು ಎಂದಿತು. ಪರದೇಶಕ್ಕೆ ಪಡೆ ಕಳಿಸುವ ಮುನ್ನ ಲೋಕಸಭೆಯಲ್ಲಿ ಮತ ಕೇಳುವುದು ಕಡ್ಡಾಯವಾಗಬೇಕು ಎಂಬುದು ನಮ್ಮ ನಿಲುವು.

ಪ್ರಶ್ನೆ: ನನ್ನ ಮಗ ಕೊಲ್ಲಿ ದೇಶದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಯುದ್ಧ ಹತ್ತಿಕೊಂಡರೆ ನಮ್ಮ ಸೇನೆ ಹೋಗಿ ಕರೆತರುತ್ತದಾ? ಈಗಲೇ ಏನು ಮಾಡಿಟ್ಟುಕೊಳ್ಳಬೇಕು?
— ಗೃಹಿಣಿ, ಫ್ರೇಜರ್ ಟೌನ್

ಉತ್ತರ: ಅಮ್ಮಾ, ಇದು ಯುದ್ಧದಲ್ಲಿ ಪಕ್ಷ ವಹಿಸುವುದಲ್ಲ, ತೆರವು ಕಾರ್ಯಾಚರಣೆ. ಇದರಲ್ಲಿ ಭಾರತಕ್ಕೆ ಒಳ್ಳೆಯ ಅನುಭವವಿದೆ. 1990ರಲ್ಲಿ ಕುವೈತ್ ಬಿಕ್ಕಟ್ಟಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವಿಮಾನದಲ್ಲಿ ಕರೆತಂದರು. 2023ರಲ್ಲಿ ಸುಡಾನ್‌ನಲ್ಲಿ ಸಿಲುಕಿದವರಲ್ಲಿ ನಮ್ಮ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಖಾರ್ಟೂಮ್ ಬಳಿಯ ಹಾಳುಬಿದ್ದ ರನ್‌ವೇಗೆ ವಾಯುಪಡೆಯ ವಿಮಾನ ದೀಪವಿಲ್ಲದೆ ರಾತ್ರಿ ಇಳಿದು 121 ಜನರನ್ನು ಎತ್ತಿಕೊಂಡು ಬಂತು. ಹೆಚ್ಚಿನವರು ಮಾತ್ರ ಬಸ್ಸಿನಲ್ಲಿ ನೂರಾರು ಕಿಲೋಮೀಟರ್ ದಾಟಿ ಪೋರ್ಟ್ ಸುಡಾನ್ ಸೇರಿ, ಅಲ್ಲಿಂದ ಜೆಡ್ಡಾಕ್ಕೆ ಹೋಗಬೇಕಾಯಿತು. ಬಂದರಿನವರೆಗಿನ ದಾರಿಯೇ ಕಷ್ಟದ್ದು.

ಮಗನಿಗೆ ಇಂದೇ ಹೇಳಿ: ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಿಳಾಸ, ಫೋನ್ ನೋಂದಾಯಿಸಲಿ. ಹೆಸರಿಲ್ಲದವರನ್ನು ಹುಡುಕಲು ಆಗುವುದಿಲ್ಲ. ಪಾಸ್‌ಪೋರ್ಟ್ ಮಾಲೀಕನ ಬಳಿ ಇದ್ದರೆ ಕೇಳಿ ಪಡೆಯಲಿ. ಕೊಡದಿದ್ದರೆ ರಾಯಭಾರ ಕಚೇರಿಗೆ ತಿಳಿಸಲಿ, ತುರ್ತಿನಲ್ಲಿ ಅವರು ಪ್ರಯಾಣಕ್ಕೆ ಬದಲಿ ಪತ್ರ ಕೊಡುತ್ತಾರೆ, ಅದಕ್ಕೆ ಸಮಯ ಹಿಡಿಯುತ್ತದೆ. ಪಾಸ್‌ಪೋರ್ಟ್, ವೀಸಾ ಪುಟಗಳ ನಕಲು ನಿಮ್ಮ ಮನೆಯಲ್ಲೊಂದು ಇರಲಿ. ಬ್ಯಾಂಕ್, ಎಟಿಎಂ ಮೊದಲ ದಿನವೇ ನಿಲ್ಲಬಹುದು, ಸ್ವಲ್ಪ ನಗದು ಕೈಯಲ್ಲಿರಲಿ. ಮೂರು ದಿನದ ಕುಡಿಯುವ ನೀರು, ಔಷಧಿ, ಪವರ್ ಬ್ಯಾಂಕ್ ಇಟ್ಟುಕೊಳ್ಳಲಿ. ಗುಂಡಿನ ಸದ್ದು ಕೇಳುವಾಗ ತಾನಾಗಿ ರಸ್ತೆಗಿಳಿಯದೆ, ರಾಯಭಾರ ಕಚೇರಿ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಹೋಗಲಿ. ನಿಮ್ಮ ಬಂಧುಗಳಲ್ಲಿ ಯಾರಾದರೂ ಆಫ್ರಿಕಾದಲ್ಲಿದ್ದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಾಸ್‌ಪೋರ್ಟ್ ಜತೆಗೇ ಇಡಲು ಹೇಳಿ. ಸುಡಾನ್‌ನಿಂದ ಬಂದವರಲ್ಲಿ ಆ ಕಾಗದ ಇಲ್ಲದ ಕೆಲವರನ್ನು ಬೆಂಗಳೂರಿನಲ್ಲಿ ಇಳಿದ ಮೇಲೂ ಮನೆಗೆ ಬಿಡದೆ ಕ್ವಾರಂಟೈನ್‌ನಲ್ಲಿ ಇರಿಸಿದ್ದರು.