ಮತ್ತೊಮ್ಮೆ ದೀಕ್ಷಾಸ್ನಾನ ಬೇಕೇ? ಸರ್ವಧರ್ಮ ಸಭೆಗೆ ಹೋಗಬಹುದೇ?

ಪ್ರಶ್ನೆ: ನಾವು ಗುಳೇದಗುಡ್ಡದ ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟಂಟ್ ಚರ್ಚ್) ಸಭೆಯವರು. ಮಗಳನ್ನು ಬೆಳಗಾವಿಯ ಕ್ಯಾಥೊಲಿಕ್ ಮನೆತನಕ್ಕೆ ಕೊಡುವ ಮಾತುಕತೆ ನಡೆದಿದೆ. ಆಕೆಗೆ ಮತ್ತೊಮ್ಮೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸಬೇಕಾಗುತ್ತದೆಂದು ಬಂಧುಗಳು ಹೆದರಿಸುತ್ತಿದ್ದಾರೆ. ಊರಿನ ಸರ್ವಧರ್ಮ ಸಭೆಗೆ ನಾನು ಹೋಗುವುದೂ ಸತ್ಯವೇದಕ್ಕೆ (ಬೈಬಲ್‌ಗೆ) ವಿರುದ್ಧ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಮತ್ತೊಮ್ಮೆ ದೀಕ್ಷಾಸ್ನಾನ ಬೇಕಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಕೊಟ್ಟ ದೀಕ್ಷಾಸ್ನಾನವನ್ನು, ಅದು ಸಿಎಸ್‌ಐ ದೇವಾಲಯದಲ್ಲಿ ನಡೆದಿದ್ದರೂ, ಕ್ಯಾಥೊಲಿಕ್ ಸಭೆ ಸಿಂಧುವೆಂದೇ ಒಪ್ಪುತ್ತದೆ. ಕರ್ತನೂ ಒಬ್ಬನೇ, ದೀಕ್ಷಾಸ್ನಾನವೂ ಒಂದೇ ಎಂದು ಪೌಲನು ಎಫೆಸದವರಿಗೆ ಬರೆದಿದ್ದಾನಲ್ಲವೇ? ನಿಮ್ಮ ಸಭೆಯ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ವರನ ಕಡೆಯ ಗುರುಗಳಿಗೆ ಒಪ್ಪಿಸಿದರೆ ಸಾಕು.

ತೊಡಕು ಇರುವುದು ಬೇರೆ ಕಡೆ. ಇಂಥ ಮದುವೆಗೆ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪರ) ಅನುಮತಿ ಬೇಕು. ಮಕ್ಕಳಿಗೆ ಕ್ಯಾಥೊಲಿಕ್ ಸಭೆಯಲ್ಲೇ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ವರನು ಮಾತು ಕೊಡಬೇಕು, ಆ ಮಾತು ನಿಮ್ಮ ಮಗಳಿಗೂ ಗೊತ್ತಿರಬೇಕು. ಪರಮಪ್ರಸಾದವನ್ನು (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ದ್ರಾಕ್ಷಾರಸ) ಸಾಮಾನ್ಯವಾಗಿ ಇಬ್ಬರೂ ಒಟ್ಟಿಗೆ ಸ್ವೀಕರಿಸಲಾಗದು. ನನ್ನನ್ನು ಕೇಳಿದರೆ, ಇದೇ ನಮ್ಮ ನಡುವೆ ಉಳಿದಿರುವ ದೊಡ್ಡ ಗಾಯ. ನಿಶ್ಚಿತಾರ್ಥಕ್ಕೆ ಮುಂಚೆಯೇ ಎರಡೂ ಮನೆಯವರು ಕೂತು ಈ ಮಾತುಗಳನ್ನು ಮುಗಿಸಿಕೊಳ್ಳಿ.

ನಿಮ್ಮ ಬಂಧುಗಳಿಗೆ ಇನ್ನೊಂದನ್ನು ನೆನಪಿಸಿರಿ. ಶಿಷ್ಯರೆಲ್ಲರೂ ಒಂದಾಗಿರಲಿ, ಅದನ್ನು ಕಂಡು ಲೋಕವು ನಂಬಲಿ ಎಂದು ಯೇಸು ಪ್ರಾರ್ಥಿಸಿದ್ದು ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿದೆ. ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಕೂಡಿಕೊಂಡು ಸಿಎಸ್‌ಐ ಆದದ್ದು ಆ ಪ್ರಾರ್ಥನೆಗೆ ಓಗೊಟ್ಟೇ. ಕ್ಯಾಥೊಲಿಕ್ ಸಭೆಯೂ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ ಮೂಲಕ ಐಕ್ಯದ ಹಾದಿ ಹಿಡಿಯಿತು.

ಸರ್ವಧರ್ಮ ಸಭೆಯ ವಿಷಯದಲ್ಲಿ ಅವರು ಎತ್ತುವುದು ಬಹುಶಃ ಅವಿಶ್ವಾಸಿಗಳ ಜೊತೆ ನೊಗ ಹೊರಬೇಡಿರೆಂಬ ಮಾತನ್ನು. ಅದನ್ನು ಬರೆದ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ, ಅವಿಶ್ವಾಸಿಯೊಬ್ಬನು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನು ಉಣ್ಣಿರಿ ಎಂದೂ ಹೇಳಿದ್ದಾನೆ. ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್) ಅವನು ನಡೆದುಕೊಂಡ ರೀತಿಯನ್ನಂತೂ ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದಲ್ಲಿ ನಿಧಾನವಾಗಿ ಓದಬೇಕು. ಊರ ತುಂಬ ವಿಗ್ರಹಗಳನ್ನು ಕಂಡು ಅವನ ಮನಸ್ಸು ಕುದಿದಿತ್ತು. ಆದರೂ ಮಾತಿಗೆ ನಿಂತಾಗ ಆ ಊರಿನವರ ಭಕ್ತಿಯನ್ನು ಹಳಿಯದೆ, ಅವರದೇ ಬಲಿಪೀಠದ ಬರಹದಿಂದ ಆರಂಭಿಸಿ, ಅವರದೇ ಕವಿಗಳ ಸಾಲನ್ನು ಎತ್ತಿ ಹೇಳಿದ. ಕೇಳುವವರು ನಗುವರೆಂದು ಪುನರುತ್ಥಾನದ ಮಾತನ್ನು ಮುಚ್ಚಿಡಲೂ ಇಲ್ಲ.

ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. ಸಭೆಯಲ್ಲಿ ಬಸವಣ್ಣನವರ ವಚನ ಹೇಳಿದಾಗ ಮನಸ್ಸಿಟ್ಟು ಕೇಳಿ. ಕುರಾನಿನ 19ನೆಯ ಅಧ್ಯಾಯಕ್ಕೆ ಯೇಸುವಿನ ತಾಯಿ ಮರಿಯಳ ಹೆಸರೇ ಇದೆ. ಯೇಸುವಿನ ಬಗ್ಗೆ ಮುಸ್ಲಿಮರ ನಂಬಿಕೆ ನಮ್ಮದಕ್ಕಿಂತ ಎಲ್ಲಿ ಬೇರೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಿರಿ. ನಿಮ್ಮ ಸರದಿ ಬಂದಾಗ ಯೇಸುವಿನ ಹೆಸರಿನಲ್ಲೇ ಪ್ರಾರ್ಥಿಸಿ. ಮನಸ್ಸಾಕ್ಷಿ ಒಪ್ಪದ ವಿಧಿ ನಡೆಯುವಾಗ ಅದರಲ್ಲಿ ಕೈಜೋಡಿಸದೆ, ಎದ್ದೂ ಹೋಗದೆ, ಗೌರವದಿಂದ ಕುಳಿತಿರಿ.