‘ನಿನ್ನ ರಾಜ್ಯವು ಬರಲಿ’ ಎನ್ನುವಾಗ ನಾವು ಏನನ್ನು ಕೇಳುತ್ತಿದ್ದೇವೆ?

ಯೇಸು ಶಿಷ್ಯರಿಗೆ ಕಲಿಸಿದ ‘ಕರ್ತನ ಪ್ರಾರ್ಥನೆ’ಯ (ಮತ್ತಾಯ 6:9–13) ಈ ಸಾಲು ಸತ್ತ ಮೇಲೆ ಸ್ವರ್ಗ ಸಿಗಲಿ ಎಂಬ ಬೇಡಿಕೆಯಲ್ಲ. ದೇವರ ಆಳ್ವಿಕೆ ಇಲ್ಲಿಗೆ ಬರಲಿ ಎಂಬ ಕೋರಿಕೆ. ಅದರ ಬೆನ್ನಿಗೇ ಇರುವ ‘ನಿನ್ನ ಚಿತ್ತವು … ಭೂಲೋಕದಲ್ಲಿಯೂ ನೆರವೇರಲಿ’ ಎಂಬ ಮಾತೇ ಇದಕ್ಕೆ ವಿವರಣೆ. ಆ ರಾಜ್ಯ ಯೇಸುವಿನಲ್ಲಿ ಆಗಲೇ ಶುರುವಾಗಿದೆ (ಲೂಕ 11:20), ಪೂರ್ತಿಯಾಗುವುದು ಆತನ ಪುನರಾಗಮನದಲ್ಲಿ.

ಪ್ರಾರ್ಥನೆ ನಿಮ್ಮಿಂದಲೇ ಶುರುವಾಗಲಿ. ಹಣ, ಸಿಟ್ಟು, ಮುರಿದ ಸಂಬಂಧ, ಹೀಗೆ ಎಲ್ಲಿ ‘ನನ್ನ ಮಾತೇ ನಡೆಯಬೇಕು’ ಎಂಬ ಹಟ ಉಳಿದಿದೆಯೋ ಅದನ್ನು ಬಿಡಿಸಿ ಹೇಳಿ. ‘ನನ್ನನ್ನು ಬದಲಾಯಿಸು’ ಎಂದಷ್ಟೇ ಹೇಳಿ ಜಾರಿಕೊಳ್ಳುವುದು ಸುಲಭ. ‘ತಮ್ಮನ ಜೊತೆ ಮಾತು ಬಿಟ್ಟಿದ್ದೇನೆ, ನಾನಾಗಿಯೇ ಫೋನ್ ಮಾಡುವ ಮನಸ್ಸು ಕೊಡು’ ಎಂದರೆ ಜಾರಲು ಜಾಗವಿರುವುದಿಲ್ಲ. ಆಮೇಲೆ ಸಭೆ (ಚರ್ಚ್), ಸುವಾರ್ತೆಯ ಕೆಲಸಗಾರರು (ಮತ್ತಾಯ 9:38), ಅಧಿಕಾರದಲ್ಲಿರುವವರು (1 ತಿಮೊಥೆಯ 2:1–2), ಇವರಿಗಾಗಿ ಪ್ರಾರ್ಥಿಸಿ. ಎಲ್ಲವನ್ನೂ ಒಂದೇ ಸಲ ತುಂಬಿಕೊಳ್ಳಬೇಡಿ, ದಿನಕ್ಕೊಂದು ವಿಷಯ ಸಾಕು.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ನಮ್ಮ ಅಗತ್ಯಗಳ ಪಟ್ಟಿಯೇ ಮೊದಲು, ರಾಜ್ಯದ ಮಾತು ಕೊನೆಗೆ ಶಾಸ್ತ್ರಕ್ಕೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ನಾಮ, ರಾಜ್ಯ, ಚಿತ್ತ ಆದಮೇಲೆ ನಾಲ್ಕನೆಯದಾಗಿ ಆಹಾರ ಬರುತ್ತದೆ. ಆಹಾರ ಕೇಳುವುದು ತಪ್ಪೇನಲ್ಲ, ಅದಕ್ಕೂ ಅಲ್ಲೇ ಜಾಗವಿದೆ.

ಇನ್ನೊಂದು ಎಡವಟ್ಟು, ನಮ್ಮ ಸಭೆ ಬೆಳೆಯುವುದನ್ನೋ ನಮ್ಮ ಪಕ್ಷ ಗೆಲ್ಲುವುದನ್ನೋ ದೇವರ ರಾಜ್ಯ ಎಂದುಕೊಳ್ಳುವುದು. ರೋಮಾಪುರದವರಿಗೆ 14:17 ಕೊಡುವ ಗುರುತುಗಳೇ ಬೇರೆ: ನೀತಿ, ಸಮಾಧಾನ, ಪವಿತ್ರಾತ್ಮನಿಂದಾಗುವ ಆನಂದ. ನ್ಯಾಯಕ್ಕಾಗಿ ಪ್ರಾರ್ಥಿಸಿ ಕೂಲಿಯವರ ಸಂಬಳ ತಡೆಹಿಡಿದರೆ, ಯಾಕೋಬ 5:4ರ ಪ್ರಕಾರ ದೇವರಿಗೆ ಮುಟ್ಟುವುದು ಕೂಲಿಯವರ ಕೂಗು.