ಹೊಟ್ಟೆ ತಾಳ ಹಾಕಿದ ಕವಿತೆ

ನೀವು ದಾವಣಗೆರೆಯಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದು ಮೂರೇ ತಿಂಗಳು. ಐದನೇ ತರಗತಿಯ ಮಗಳು ಶಾಲೆಯಿಂದ ಕವಿತೆಯ ಪರಿಭಾಷೆಯ ಹಾಳೆ ತಂದು, ಸಿಮಿಲಿ (ಉಪಮೆ), ಮೆಟಫರ್ (ರೂಪಕ) ಯಾವುದೂ ತಲೆಗೆ ಹೋಗುತ್ತಿಲ್ಲವೆಂದು ಅಳುತ್ತಾಳೆ. ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ನೀವು ಕೇಳಿದ ಬಾಡಿಗೆ, ವಿಮೆಯ ಪ್ರಶ್ನೆಗಳಿಗೆ ಬೇರೆಯವರು ಉತ್ತರಿಸಲಿ. ಹತ್ತೊಂಬತ್ತು ವರ್ಷದಿಂದ ಇಲ್ಲಿರುವ ನಾನು ಇದೊಂದಕ್ಕೆ ಹೇಳುತ್ತೇನೆ: ನಿಲ್ಲಿಸಬೇಡಿ.

ಕ್ಯಾಲಿಫೋರ್ನಿಯಾ 2010ರಲ್ಲಿ ಒಪ್ಪಿಕೊಂಡ ಕಾಮನ್ ಕೋರ್ ಎಂಬ, ಅಮೆರಿಕದ ಹಲವು ರಾಜ್ಯಗಳಿಗೆ ಸಮಾನವಾದ ಪಠ್ಯಮಾನದಲ್ಲಿ ನಾಲ್ಕನೇ ತರಗತಿಯಿಂದಲೇ ಉಪಮೆ, ರೂಪಕ, ನುಡಿಗಟ್ಟು, ಗಾದೆಗಳ ಅರ್ಥ ಬಿಡಿಸುವುದು ಸೇರಿದೆ. ಏಪ್ರಿಲ್ ಇಲ್ಲಿ ಕಾವ್ಯ ಮಾಸ. ಆಗ ಇದರ ಭರಾಟೆ ಇನ್ನೂ ಹೆಚ್ಚು. ಆದರೆ ಹಾಳೆಯಲ್ಲಿರುವ ಸರಕೆಲ್ಲ ನಿಮ್ಮ ಅಡುಗೆಮನೆಯಲ್ಲೇ ಇದೆ. ‘ಸೀತೆಯ ಮುಖ ಕಮಲದಂತೆ ಅರಳಿತು’ ಎಂಬ ವಾಕ್ಯವನ್ನು ಪ್ರೌಢಶಾಲೆಯಲ್ಲಿ ನಾವು ಎಷ್ಟು ಸಲ ಸೀಳಿಲ್ಲ! ಉಪಮೇಯ (ಮುಖ), ಉಪಮಾನ (ಕಮಲ), ವಾಚಕ ಪದ (ಅಂತೆ), ಸಮಾನ ಧರ್ಮ (ಅರಳುವುದು). ಇಲ್ಲಿಯ ಮಕ್ಕಳು ‘ಲೈಕ್’, ‘ಆ್ಯಸ್’ ಹುಡುಕಿ ಗೆರೆ ಎಳೆಯುತ್ತಾರೆ. ಅದು ನಮ್ಮ ವಾಚಕ ಪದ, ಅಷ್ಟೇ. ಉಳಿದ ಮೂರನ್ನೂ ಗುರುತಿಸಲು ಕಲಿತ ಮಗು ಒಂದು ಹೆಜ್ಜೆ ಮುಂದೆಯೇ ಇರುತ್ತದೆ. ‘ಅಂತೆ’ಯನ್ನು ಕಿತ್ತು ‘ಮುಖಕಮಲ’ ಎನ್ನಿ, ರೂಪಕ ಕೈಗೆ ಬಂತು.

ಇದನ್ನು ನಾನು ತಡವಾಗಿ ಕಲಿತೆ. ನನ್ನ ಮಗ ಒಂಬತ್ತರ ವಯಸ್ಸಿನಲ್ಲಿ ಶಾಲೆಗೆ ಬರೆದ ಕವಿತೆಯಲ್ಲಿ ‘ನನ್ನ ಹೊಟ್ಟೆ ತಾಳ ಹಾಕುತ್ತಿದೆ’ ಎಂಬುದನ್ನು ಇಂಗ್ಲಿಷಿಗೆ ಹಾಗೆಯೇ ಇಳಿಸಿದ್ದ. ಶಿಕ್ಷಕಿ ‘ಅಸ್ಪಷ್ಟ’ ಎಂದು ಪಕ್ಕದಲ್ಲಿ ಬರೆದರು. ನಾನು, ದಡ್ಡ, ಆ ಸಾಲನ್ನು ಅಳಿಸಿ ‘ನನಗೆ ತುಂಬಾ ಹಸಿವು’ ಎಂದು ಬರೆಸಿದೆ. ಇಡೀ ಕವಿತೆಯಲ್ಲಿ ಕವಿತೆಯಾಗಿದ್ದದ್ದು ಅದೊಂದೇ ಸಾಲು. ಶಿಕ್ಷಕಿಗೆ ಎರಡು ಮಾತಿನಲ್ಲಿ ವಿವರಿಸಿದ್ದರೆ ಸಾಕಿತ್ತು. ಜಡಕ್ಕೆ ಜೀವ ಕೊಡುವ ‘ಪರ್ಸಾನಿಫಿಕೇಷನ್’ ಅವರ ಹಾಳೆಯಲ್ಲೇ ಇತ್ತಲ್ಲ.

ಶಾಲೆಯ ಸಭೆಗಳಲ್ಲಿ ‘ಸಾಂಸ್ಕೃತಿಕ ಸಂಪತ್ತು’ ಎಂಬ ಮಾತು ಕಿವಿಗೆ ಬಿದ್ದರೆ ಗಾಬರಿಯಾಗಬೇಡಿ; ಮಕ್ಕಳು ಮನೆಯಿಂದ, ಸಮುದಾಯದಿಂದ ಹೊತ್ತು ತರುವ ಅರಿವು, ಜಾಣ್ಮೆಗೆ ಆ ಹೆಸರು. 2005ರಲ್ಲಿ ಟಾರಾ ಯೊಸ್ಸೊ ಎಂಬ ವಿದ್ವಾಂಸೆ ಅದನ್ನು ಆರು ಬಗೆಯ ಬಂಡವಾಳವಾಗಿ ವಿಂಗಡಿಸಿದರು: ಆಕಾಂಕ್ಷೆ, ಭಾಷೆ, ಕುಟುಂಬ, ಸಾಮಾಜಿಕ ನಂಟು, ಅಪರಿಚಿತ ಸಂಸ್ಥೆಗಳೊಳಗೆ ದಾರಿ ಹುಡುಕುವ ಜಾಣ್ಮೆ, ಪ್ರತಿರೋಧ. ಭಾಷೆಯ ಬಂಡವಾಳದಲ್ಲಿ ಅವರು ಕಥೆ ಹೇಳುವ ಕಲೆ, ಲಯ, ಪ್ರಾಸಗಳನ್ನೂ ಸೇರಿಸಿದ್ದಾರೆ. ಅವರು ಮುಖ್ಯವಾಗಿ ನೋಡಿದ್ದು ತಾರತಮ್ಯ ಉಂಡ ಮೆಕ್ಸಿಕನ್ ಮೂಲದ ಅಮೆರಿಕನ್ ಸಮುದಾಯವನ್ನು. ಪದವಿ, ಕೆಲಸದ ವೀಸಾ ಎರಡನ್ನೂ ಕಿಸೆಯಲ್ಲಿಟ್ಟುಕೊಂಡು ಇಳಿದ ನಾವು ಆರನ್ನೂ ನಮ್ಮದೆನ್ನುವುದು ನನಗೆ ಒಗ್ಗುವುದಿಲ್ಲ. ಭಾಷೆಯ ಬಂಡವಾಳ, ಅಜ್ಜಿಯಿಂದ ಬರುವ ಕುಟುಂಬದ ಬಂಡವಾಳ, ಇವೆರಡು ಸಾಕು. ಊರಿನ ಅಜ್ಜಿಗೆ ವಾರಕ್ಕೊಮ್ಮೆ ಕರೆ ಮಾಡಿಸಿ, ಅವರು ಹೇಳಿದ ಒಂದು ಗಾದೆಯನ್ನು ಮಗಳು ಬರೆದುಕೊಳ್ಳಲಿ. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳಿದರೆ ಯಾರಿಗೆ ಅರ್ಥವಾಗುವುದಿಲ್ಲ?

ಹಾಗೆಂದು ಎಲ್ಲವೂ ಜೋಡಿಯಾಗುತ್ತದೆಂದು ತಿಳಿಯಬೇಡಿ. ಹಳೆಯ ಕನ್ನಡ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತಿರುತ್ತದೆ; ಇಂಗ್ಲಿಷಿನದು ಸಾಲಿನ ಕೊನೆಯಲ್ಲಿ. ಆ ಕಟ್ಟನ್ನು ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲೇ ಕಳಚಿಟ್ಟರೂ, ಅಜ್ಜಿ ಹೇಳುವ ಕುಮಾರವ್ಯಾಸನ ಪದ್ಯಗಳಲ್ಲಿ ಅದು ಹಾಗೆಯೇ ಇದೆ. ಅವನ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಎಂದು ಮಾತ್ರೆ ಎಣಿಸುವ ನಮ್ಮ ಕಿವಿಗೆ ಇಂಗ್ಲಿಷ್ ಛಂದಸ್ಸಿನ ಉಚ್ಚಾರದ ಒತ್ತು (ಸ್ಟ್ರೆಸ್) ಬೇಗ ಕೇಳಿಸುವುದಿಲ್ಲ. ನಿಜಕ್ಕೂ ಪಾಠ ಬೇಕಾಗುವುದು ಅಲ್ಲಿ.

ಇನ್ನೊಂದು ತಾಪತ್ರಯ ಹೈಕು, ಜಪಾನಿನಿಂದ ಬಂದ ಮೂರು ಸಾಲಿನ ಪುಟ್ಟ ಕವಿತೆ. ಐದು, ಏಳು, ಐದು ಉಚ್ಚಾರಾಂಶ ಎಂದು ಎಣಿಸಲು ಹೇಳುತ್ತಾರೆ. ‘ಮಿಲ್ಕ್’ ಅವರ ಬಾಯಲ್ಲಿ ಒಂದು. ನಮ್ಮ ಬಾಯಲ್ಲಿ ‘ಮಿಲ್ಕು’ ಆಗಿ ಎರಡು. ನನ್ನ ಮಗನ ಮೊದಲ ಹೈಕು ಎರಡು ಉಚ್ಚಾರಾಂಶ ಕಡಿಮೆ ಬಿದ್ದದ್ದು ನಾನು ಮನೆಯಲ್ಲಿ ಕೂತು ಬೆರಳು ಮಡಚಿ ಸಹಾಯ ಮಾಡಿದ್ದರಿಂದ. ಎಣಿಸುವ ಕೆಲಸವನ್ನು ಮಗಳಿಗೇ ಬಿಡಿ.